ಹಸಿ ಕಡ್ಡಿಯ ರೆಕ್ಕೆ

ಶೆಟ್ಟಿಕೆರೆ
ಗುರುವಾರ, ೧೩ ಫೆಬ್ರವರಿ ೨೦೨೫
ರಾತ್ರಿ ಒಂದೂ ಮುಕ್ಕಾಲು

ಪ್ರೀತಿಯ ಮಾವ,

ನಿಮ್ಮ ಸೊಸೆ ಇಂಪನಾ ಮಾಡುವ ನಮಸ್ಕಾರಗಳು. ಮೇಲೆ ಬರೆದ ಗಂಟೆ ನೋಡಿ ಗಾಬರಿಯಾಗಬೇಡಿ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸ್ವಲ್ಪ ಹೊತ್ತಿಗೆ ಮುಂಚೆ ನಡುಮನೆಯಲ್ಲಿ ‘ಟಿಕ್’ ಎಂದು ಒಂದು ಸದ್ದಾಯಿತು. ಅಟ್ಟದ ಮೇಲೆ ಕಾಯಿ ಉರುಳಿದರೆ ಬರುವ ಸದ್ದಲ್ಲ, ಹಲ್ಲಿಯೂ ಅಲ್ಲ. ಒಣಗಿದ ಅವರೆಕಾಯಿ ತಾನೇ ಬಿರಿಯುತ್ತದಲ್ಲ, ಹಾಗೆ. ನನಗೆ ಹೇಗೂ ನಿದ್ದೆ ಹತ್ತಿರಲಿಲ್ಲ, ಎದ್ದು ಕೂತೆ. ನಿಮ್ಮ ಮಗ “ಏನೇ ಅದು” ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು. ಆ ಸದ್ದು ಎಲ್ಲಿಂದ ಬಂತು ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಆರೋಗ್ಯ ಹೇಗಿದೆ? ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀರಾ? ಹುಳಿಯಾರಿನ ಅತ್ತೆ ಈಗ ಎದ್ದು ಕೂರುತ್ತಾರಾ? ನಿಮ್ಮಕ್ಕ ದ್ರಾಕ್ಷಾಯಣಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು ಎಂದು ಶುಕ್ರವಾರ ರಾತ್ರಿ ಸುದ್ದಿ ಬಂದದ್ದೇ ತಡ, ಶನಿವಾರ ಬೆಳಗಾಗುವಷ್ಟರಲ್ಲಿ ಬ್ಯಾಗಿಗೆ ಎರಡು ಪಂಚೆ ತುರುಕಿಕೊಂಡು ಹೊರಟುಬಿಟ್ಟಿರಿ. ನಿಮ್ಮ ಕಿವಿ ಮೆಷಿನ್ನಿನ ಸೆಲ್ಲುಗಳು ಟೀವಿ ಡ್ರಾಯರಿನಲ್ಲೇ ಉಳಿದಿವೆ, ಈ ಲಕೋಟೆಯಲ್ಲಿ ಹಾಕಿದ್ದೇನೆ. ಇಲ್ಲಿ ನಮ್ಮ ಅತ್ತೆಯವರ ಲೆಕ್ಕಾಚಾರವೇ ಬೇರೆ: “ಮರ್ತೋಗಿಲ್ಲ ಕಣೇ. ಅಲ್ಲಿ ಅವರಕ್ಕ ಬೈಯೋದು ಕೇಳಿಸ್ದೆ ಇರ್ಲಿ ಅಂತ ಬೇಕಂತ್ಲೇ ಬುಟ್ಟೋಗವ್ರೆ.” ಇದನ್ನು ಹೇಳಿ ಅವರೇ ಬಹಳ ಹೊತ್ತು ನಕ್ಕರು. ಆಮೇಲೆ ನಿಮ್ಮ ಖಾಲಿ ಕುರ್ಚಿ ನೋಡಿ, ಯಾರೂ ಕೂರದಿದ್ದರೂ ಅದರ ಮೇಲಿನ ಟವೆಲು ಕೊಡವಿ ಮತ್ತೆ ಹಾಸಿದರು.

ಫೋನಿನಲ್ಲಿ ಹೇಳದೆ ಕಾಗದ ಯಾಕೆ ಅಂತ ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಸಂಜೆ ಏಳಕ್ಕೆ ನೀವೇ ಫೋನ್ ಮಾಡುತ್ತೀರಿ, ನಿಮ್ಮ ಮಾತೆಲ್ಲ ಆಡುತ್ತೀರಿ, ಮೊಮ್ಮಗಳು ವರ್ಷೂಗೆ ಮುತ್ತು ಕೊಡುತ್ತೀರಿ, “ಸರಿ ಇಡ್ತೀನಮ್ಮ, ನಂಗೇನೂ ಕೇಳಿಸಲ್ಲ” ಎಂದು ಇಟ್ಟುಬಿಡುತ್ತೀರಿ. ಮೆಸೇಜು ಹಾಕಿದರೆ ನಿಮ್ಮ ಗುಂಡಿ ಫೋನಿನಲ್ಲಿ ಕನ್ನಡವೆಲ್ಲ ಚೌಕ ಚೌಕವಾಗಿ ಕಾಣುತ್ತದೆ. ಹುಳಿಯಾರಿನ ಅತ್ತೆಯ ಫೋನಿಗೆ ಈ ಹೊತ್ತಿನಲ್ಲಿ ಮಾಡಿದರೆ ಅವರು ಇನ್ನೊಂದು ಕಾಲನ್ನೂ ಮುರಿದುಕೊಳ್ಳುತ್ತಾರೆ. ಅದಕ್ಕೇ ಪೇಪರ್ ವ್ಯಾನಿನ ರಂಗನಾಥ್ ನೆನಪಾದರು. ತಿಪಟೂರಿನಿಂದ ಹುಳಿಯಾರಿಗೆ ಪೇಪರ್ ಕಟ್ಟು ಹೊತ್ತುಕೊಂಡು ಹೋಗುವಾಗ ನಾಲ್ಕರೊಳಗೆ ನಮ್ಮ ಸರ್ಕಲ್ಲಿನಲ್ಲಿ ನಿಲ್ಲಿಸುತ್ತಾರಲ್ಲ, ನಿಮ್ಮ ಮಗನನ್ನು ಎಬ್ಬಿಸಿ ಇದನ್ನು ಅವರ ಕೈಗೆ ಕೊಟ್ಟು ಕಳಿಸುತ್ತೇನೆ. ಐದಕ್ಕೆಲ್ಲ ನೀವು ಅಲ್ಲಿನ ಜಗಲಿಯ ಮೇಲೆ ಕೂತು ಪೇಪರಿಗೆ ಕಾಯುತ್ತೀರಂತೆ, ಅವರೇ ಹೇಳಿದ್ದರು.

ಬೆಳಗಾದರೆ ವರ್ಷಿಣಿಯ ಕಣ್ಣು ತೋರಿಸುವ ದಿನ, ನಿಮಗೆ ನೆನಪಿದೆಯೋ ಇಲ್ಲವೋ. ಆರು ಗಂಟೆಯ ಬಸ್ಸಿಗೆ ಚಿಕ್ಕನಾಯಕನಹಳ್ಳಿ, ಅಲ್ಲಿಂದ ತುಮಕೂರು. ಕಳೆದ ಸಲ ಹೋದಾಗ ನೀವೂ ಜೊತೆಗಿದ್ದಿರಿ. ಗೋಡೆಯ ಮೇಲಿನ ಅಕ್ಷರಗಳನ್ನು ಬಲಗಣ್ಣಿನಲ್ಲಿ ಪಟಪಟ ಓದಿದಳು. ಎಡಗಣ್ಣಿಗೆ ಬಂದಾಗ ದಪ್ಪ ಅಕ್ಷರದ ಎರಡು ಸಾಲು ಹೇಳಿ ನನ್ನ ಕಡೆ ತಿರುಗಿ “ಅಮ್ಮ, ಇನ್ನು ಬರೀ ಇರುವೆ” ಅಂದಳು. ಡಾಕ್ಟರು ನಗಲಿಲ್ಲ. ಕಣ್ಣಿನಲ್ಲಿ ಏನೂ ಕೆಟ್ಟಿಲ್ಲ, ಆ ಕಣ್ಣು ಕಳಿಸಿದ್ದನ್ನು ಮೆದುಳು ತೆಗೆದುಕೊಳ್ಳುವುದನ್ನೇ ಬಿಟ್ಟಿದೆ, ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ, ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಹಾಕಿ ಇದಕ್ಕೆ ಕೆಲಸ ಕೊಡಿ, ದೊಡ್ಡವಳಾಗುತ್ತ ಹೋದಂತೆ ಇದು ಕಷ್ಟವಾಗುತ್ತದೆ ಎಂದರು. ಅವಳಿಗೆ ಆರು ತುಂಬಿ ಏಳು ನಡೆಯುತ್ತಿದೆ. ನಾನು ಕ್ಯಾಲೆಂಡರಿನ ಕಡೆ ನೋಡುವುದನ್ನೇ ಬಿಟ್ಟಿದ್ದೇನೆ, ಮಾವ.

ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗ ಒಂದು ಮಾತು ಹೇಳಿದರು. ಅದನ್ನು ನಿಮಗೆ ತಿಳಿಸದೆ ಬಸ್ಸು ಹತ್ತುವುದಕ್ಕೆ ನನಗೆ ಮನಸ್ಸು ಬರುತ್ತಿಲ್ಲ, ಕಾಗದ ಬರೆಯಲು ಕೂತದ್ದೇ ಅದಕ್ಕೆ. “ನಾಳೆನೂ ಹಂಗೇ ಐತೆ ಅಂದ್ರೆ ಸಾಕು ಬುಡು ಇಂಪನಾ. ಬೀದೀಲಿ ಹುಡುಗ್ರು ಒಂಟಿಗಣ್ಣಿ ಅಂತಾರೆ, ಮಗು ಸಂಜೆ ಹೊತ್ತು ಬಾಗ್ಲು ದಾಟಲ್ಲ. ಒಂದು ಕಣ್ಣು ಚೆನ್ನಾಗೈತಲ್ಲ, ಅದ್ರಲ್ಲೇ ನಗ್ತಾ ಇರ್ಲಿ.” ಅವರು ಸಿಟ್ಟಿನಲ್ಲಿ ಹೇಳಲಿಲ್ಲ. ಅತ್ತೆ ಮೊದಲಿನಿಂದಲೂ ಅದೇ ಅನ್ನುತ್ತಿದ್ದರಲ್ಲ, “ಕಾಣ್ದಿರೋ ಕಣ್ಣು ಸರಿ ಮಾಡಿ ಅಂದ್ರೆ ಕಾಣೋ ಕಣ್ಣೂ ಮುಚ್ತಾನಲ್ಲ, ಇವ್ನ್ಯಾವ ಸೀಮೆ ಡಾಕ್ಟ್ರು” ಅಂತ. ನಾನೂ ಹೂಂ ಅಂದುಬಿಟ್ಟೆ. ಇಷ್ಟು ಓದಿ, ಪಟ್ಟಿ ಯಾಕೆ ಬೇಕು ಅಂತ ಎಲ್ಲರಿಗೂ ವಿವರಿಸಿ ಹೇಳಿದವಳೇ ನಾನು. ರಾತ್ರಿ ಮಾತ್ರ ನನ್ನಲ್ಲಿ ವಾದ ಮಾಡುವ ಶಕ್ತಿ ಇರಲಿಲ್ಲ. ಈ ಮೂರು ತಿಂಗಳು ಅವಳ ಜೊತೆ ಬಗ್ಗಿ ಕೂತು ನಿಮ್ಮ ಬೆನ್ನು ನೋಯಿಸಿಕೊಂಡವರು ನೀವು. ನಿಮ್ಮನ್ನು ಕೇಳದೆ ಹೂಂ ಅಂದದ್ದು ಸರಿಯಲ್ಲ ಅನ್ನಿಸುತ್ತಿದೆ.

ಆ ಮೂರು ತಿಂಗಳು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮಣಿ ಪೋಣಿಸಲು ಕೊಡಿ, ಚಿತ್ರಕ್ಕೆ ಬಣ್ಣ ತುಂಬಿಸಿ ಎಂದಿದ್ದರು. ಮಣಿಗಳು ಎರಡೇ ದಿನಕ್ಕೆ ಕೋಳಿಗಳ ಪಾಲಾದವು. ಆಗ ನೀವು, ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದ್ದಾಗ ಒಂದೇ ಒಂದು ಸಲ ಗ್ಲೈಡರಿನಲ್ಲಿ ಕೂತಿದ್ದ ಕಥೆ ತೆಗೆದಿರಿ. “ಇಂಜಿನ್ನೇ ಇಲ್ಲ ಕಣಮ್ಮ. ಕೆಳಗಿಂದ ಹಗ್ಗದಲ್ಲಿ ಎಳೆದು ಬುಟ್ಬುಡ್ತಾರೆ. ಆಮೇಲೆ ಗಾಳಿ ಸದ್ದು ಬುಟ್ರೆ ಏನಂದ್ರೆ ಏನೂ ಇಲ್ಲ.” ವರ್ಷೂ ಬಾಯಿ ತೆರೆದುಕೊಂಡು ಕೇಳಿದಳು. ಅವತ್ತು ರಾತ್ರಿಯೇ ನಾನು ಇಂಟರ್ನೆಟ್ಟಿನಲ್ಲಿ ಹುಡುಕಿ, ಯಾರೋ ಪುಣ್ಯಾತ್ಮರು ಸುಮ್ಮನೆ ಕೊಟ್ಟಿದ್ದ ಹಳೆಯ ಜರ್ಮನ್ ಗ್ಲೈಡರಿನ ಕಾಗದದ ಮಾದರಿ ತೆಗೆದೆ. ಗ್ರೂನಾವ್ ಬೇಬಿ ಅಂತ ಹೆಸರು, ತೊಂಬತ್ತು ವರ್ಷದ ಹಿಂದಿನದು. ನಿಜವಾದದ್ದರ ಮೂವತ್ತಮೂರರಲ್ಲೊಂದು ಪಾಲು. ತಿಪಟೂರಿನಲ್ಲಿ ದಪ್ಪ ಹಾಳೆಯ ಮೇಲೆ ಪ್ರಿಂಟ್ ಮಾಡಿಸಿ ತಂದಾಗ ಅಂಗಡಿಯವನು “ಲಗ್ನಪತ್ರಿಕೆನಾ ಮೇಡಂ” ಅಂದಿದ್ದ.

ಚುಕ್ಕಿ ಗೆರೆಯಲ್ಲಿ ಮಡಿಸಬೇಕು, ಗಟ್ಟಿ ಗೆರೆಯಲ್ಲಿ ಕತ್ತರಿಸಬೇಕು. ಪಟ್ಟಿ ಹಾಕಿಕೊಂಡರೆ ಅವಳಿಗೆ ಎರಡೂ ಕಾಣುತ್ತಿರಲಿಲ್ಲ. ಮೊದಲನೆಯ ಹಾಳೆಯನ್ನು ಗ್ಲೈಡರಿನ ಹೊಟ್ಟೆಯ ಮಧ್ಯಕ್ಕೇ ಕತ್ತರಿಸಿ ಅತ್ತಳು. ನೀವು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಪ್ಪು ಸ್ಕೆಚ್ ಪೆನ್ನು ತಗೊಂಡು ಪ್ರತಿ ಗೆರೆಯ ಮೇಲೂ ಹುರಿಹಗ್ಗದಷ್ಟು ದಪ್ಪ ಗೆರೆ ಎಳೆದು “ಈಗ ಹೊಡಿ” ಎಂದಿರಿ. ಮಡಿಕೆ ಬೀಳಲು ಖಾಲಿ ರೀಫಿಲ್ಲಿನಿಂದ ಗೀರುವುದು, ಕತ್ತರಿಸಿದ ಅಂಚಿನ ಬಿಳಿ ಕಾಣದ ಹಾಗೆ ಬಣ್ಣ ಸವರುವುದು, ಒಂದು ಕಣ್ಣು ಮಟ್ಟಕ್ಕೆ ತಂದು ಉದ್ದಕ್ಕೆ ನೋಡಿ ಡೊಂಕು ಹುಡುಕುವುದು, ಎಲ್ಲ ಕಲಿಸಿದಿರಿ. ಪ್ರತಿಯಾಗಿ ಅವಳು ನಿಮಗೆ ಅಟ್ಟದ ಕಾಯಿ ನೋಡಿಕೊಟ್ಟಳು. ನೀವು ಕಾಯಿ ಅಲ್ಲಾಡಿಸುವುದು, ಅವಳು ಕಿವಿ ಇಟ್ಟು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಕೇಳಿ “ಆಡ್ತೈತೆ ತಾತ” ಅನ್ನುವುದು. ಇಷ್ಟು ವರ್ಷ ಬರೀ ಸದ್ದಿನಲ್ಲಿ ಕೊಬ್ಬರಿ ಆರಿಸಿದವರು ನೀವು, ಈಗ ಮೊಮ್ಮಗಳ ಮುಖ ನೋಡಿ ಆರಿಸುತ್ತಿದ್ದೀರಿ. “ಚೆನ್ನಾಗಿ ಸಿಕ್ಕವ್ರೆ ಒಬ್ಬರಿಗೊಬ್ರು, ಇವ್ರಿಗೆ ಕೇಳಿಸಲ್ಲ, ಅವ್ಳಿಗೆ ಕಾಣ್ಸಲ್ಲ” ಎಂದು ಅತ್ತೆ ಅಂದಾಗ ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ನಿಮಗೆ ಅದು ಕೇಳಿಸಲೇ ಇಲ್ಲ, ನೀವಿಬ್ಬರೂ ಬಾಲ ಅಂಟಿಸುತ್ತಿದ್ದಿರಿ.

ಪಟ್ಟಿಯನ್ನು ಅವಳು ಕದ್ದು ಎತ್ತುತ್ತಿದ್ದದ್ದು ನಿಮಗೇ ಮೊದಲು ಗೊತ್ತಾದದ್ದು. ಅದಕ್ಕೆ ನೀವು ಮಾಡಿದ ಉಪಾಯ ನನಗಂತೂ ಹೊಳೆಯುತ್ತಿರಲಿಲ್ಲ. ಅಂಟಿಸಿದ ಪಟ್ಟಿಯ ಮೇಲೆ ಪೆನ್ನಿನಲ್ಲಿ ಒಂದು ತೆಂಗಿನ ಮರ ಬರೆದು, ಬೇರನ್ನು ಮಾತ್ರ ಕೆನ್ನೆಯ ಮೇಲೆ ಎಳೆದಿರಿ. ಪಟ್ಟಿ ಎತ್ತಿ ಮತ್ತೆ ಅಂಟಿಸಿದರೆ ಬೇರಿಗೂ ಕಾಂಡಕ್ಕೂ ಕೂಡುವುದಿಲ್ಲ, ಮರ ಬಿದ್ದುಹೋಗುತ್ತದೆ. ಅವತ್ತಿನಿಂದ ಮರ ಬೀಳಿಸಲಿಲ್ಲ ಅವಳು. ನೀವು ಹೋದಮೇಲೆ ನಾನೇ ಬರೆಯುತ್ತಿದ್ದೇನೆ. “ಇದು ಮರ ಅಲ್ಲ, ಪೊರಕೆ” ಎಂದು ಕನ್ನಡಿ ನೋಡಿ ಮೂಗು ಮುರಿಯುತ್ತಾಳೆ.

ಪೊರಕೆ ಅಂದಾಗ ನೆನಪಾಯಿತು, ಈಗ ಆ ಸದ್ದಿನ ವಿಷಯ. ರೆಕ್ಕೆ ಮಾತ್ರ ನಾಜೂಕು, ನಾನೇ ಕತ್ತರಿಸುತ್ತೇನೆ ಎಂದಿದ್ದಿರಲ್ಲ. ರೆಕ್ಕೆಯ ಒಳಗೆ ಮೂರು ಪದರ ರಟ್ಟಿನ ಪಟ್ಟಿ ಇಡಿ ಎಂದು ಬರೆದಿತ್ತು. “ಜರ್ಮನಿಯವ್ರಿಗೆ ತೆಂಗಿನ ಕಡ್ಡಿ ಗೊತ್ತಿಲ್ಲ ಪಾಪ” ಎಂದು ನೀವು ಅತ್ತೆಯ ಪೊರಕೆಯಿಂದ ಒಂದು ಕಡ್ಡಿ ಎಳೆದು ಬಲ ರೆಕ್ಕೆಗೆ ಇಟ್ಟಿರಿ. ಅದು ಇವತ್ತಿಗೂ ಬಾಣದ ಹಾಗಿದೆ. ಎಡ ರೆಕ್ಕೆಯ ದಿನ ಅತ್ತೆ ಪೊರಕೆಯನ್ನೇ ಬಚ್ಚಿಟ್ಟಿದ್ದರು. ನೀವು ಸೀದಾ ತೋಟಕ್ಕೆ ಹೋಗಿ, ಅವತ್ತು ತಾನೇ ಇಳಿಸಿದ್ದ ಹಸಿರು ಗರಿಯಿಂದ ಕಡ್ಡಿ ಸೀಳಿ ತಂದಿರಿ. ಹಸಿಯದು ಮುರಿಯುವುದಿಲ್ಲ, ಹೇಳಿದ ಹಾಗೆ ಬಾಗುತ್ತದೆ ಅಂದಿರಿ. ಅಂಟು ಬೇಗ ಒಣಗಲಿ ಎಂದು ಅಟ್ಟದ ಮೇಲೆ ಕಾಯಿ ರಾಶಿಯ ಪಕ್ಕ, ಒಲೆಯ ಶಾಖ ತಾಗುವ ಕಡೆ ಇಟ್ಟಿರಿ. ಅದೇ ರಾತ್ರಿ ಹುಳಿಯಾರಿನ ಸುದ್ದಿ ಬಂತು. ಬೆಳಿಗ್ಗೆ ಹೊರಡುವ ಮುಂಚೆ ಏಣಿ ಹತ್ತಿ ಒಂದು ಸಲ ನೋಡಿಯೇ ಹೋದಿರಿ ಎಂದು ಅತ್ತೆ ಹೇಳುತ್ತಾರೆ.

ಆವತ್ತಿನಿಂದ ಆ ರೆಕ್ಕೆ ಅಟ್ಟದ ಮೇಲೇ ಇತ್ತು, ನಾವ್ಯಾರೂ ಮುಟ್ಟಿರಲಿಲ್ಲ. ನಿನ್ನೆ ಸಂಜೆ ನಿಮ್ಮ ಮಗ ಕಾಯಿ ಮಗುಚಲು ಹತ್ತಿದವರು ತುಳಿದುಬಿಟ್ಟೇನು ಎಂದು ಇಳಿಸಿ ಕೊಟ್ಟರು. ವರ್ಷೂ ಸ್ಕೂಲಿನಿಂದ ಬಂದು, ಮುಖ ತೊಳೆದು, ಪಟ್ಟಿ ಹಾಕಿಸಿಕೊಂಡು ಕೂತಿದ್ದಳು. ರೆಕ್ಕೆಯನ್ನು ಅದರ ಜಾಗದಲ್ಲಿ ಅಂಟಿಲ್ಲದೆ ಸುಮ್ಮನೆ ಸಿಕ್ಕಿಸಿ, ಟೀವಿ ಪಕ್ಕ ಇಟ್ಟು, ತಾತ ಬಂದಮೇಲೆ ಅಂಟಿಸೋಣ ಎಂದೆ. ಎರಡು ರೆಕ್ಕೆ ಬಂದದ್ದೇ ತಡ, ಅದು ಕಾಗದ ಅನ್ನುವುದೇ ಮರೆತುಹೋಯಿತು. ಅತ್ತೆ ಕೂಡ “ನಿಮ್ಮ ತಾತನ್ ಮಿಡತೆ ಹಾರೋ ಹಂಗೇ ಐತಲ್ಲೇ” ಅಂದರು.

ಈಗ ರಾತ್ರಿ ಆದ ಸದ್ದು ಆ ಎಡ ರೆಕ್ಕೆಯದೇ. ಟಾರ್ಚು ಹಾಕಿ ನೋಡಿದರೆ ತುದಿಯ ಹತ್ತಿರ ಅಂಟು ಬಿಟ್ಟು ಕಾಗದ ಬಾಯಿ ತೆರೆದಿದೆ, ಒಳಗಿನ ಕಡ್ಡಿ ಒಣಗಿ ಬಿಲ್ಲಿನ ಹಾಗೆ ಬಾಗಿದೆ. ಮೊದಲು ನನಗೆ ಅಷ್ಟೇ ಕಂಡದ್ದು. ನೀವು ಕಲಿಸಿದ ಹಾಗೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದಾಗ ಗೊತ್ತಾಯಿತು, ಬುಡದಿಂದ ತುದಿಯವರೆಗೂ ರೆಕ್ಕೆಯೇ ತಿರುಚಿಕೊಂಡಿದೆ. ಬಹಳ ಏನಿಲ್ಲ, ಒಂದು ಅಕ್ಕಿ ಕಾಳಿನ ದಪ್ಪದಷ್ಟು. ಹಸಿ ಗರಿ ಒಣಗಿದರೆ ಮುದುಡುತ್ತದೆ ಅಂತ ಈ ಸೀಮೆಯಲ್ಲಿ ಹುಟ್ಟಿದ ಯಾರಿಗೆ ತಾನೇ ಗೊತ್ತಿಲ್ಲ ಮಾವ? ಕೈಯಲ್ಲಿ ಕಡ್ಡಿ ಇದ್ದರೆ ನಮ್ಮವರಿಗೆ ಬೇರೆ ಯಾವುದೂ ಬೇಕಾಗುವುದಿಲ್ಲ. ದೂರುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನೀವು ಬಂದಮೇಲೆ ಬಿಚ್ಚಿ, ಒಣ ಕಡ್ಡಿ ಹಾಕಿ ಸರಿ ಮಾಡೋಣ. ಇನ್ನೊಂದು ಹಾಳೆ ಪ್ರಿಂಟ್ ಇದೆ.

ಡಾಕ್ಟರು ಏನೇ ಹೇಳಲಿ, ಗ್ಲೈಡರು ಮುಗಿಸಿಯೇ ತೀರುತ್ತೇವೆ ಎಂದು ಬರೆಯೋಣ ಅಂದುಕೊಂಡಿದ್ದೆ. ಆದರೆ ಪಟ್ಟಿ ಬಿಟ್ಟಮೇಲೆ ಅದನ್ನು ಮಾಡುವುದು ಯಾತಕ್ಕೆ ಅಂತ ಅವಳು ಕೇಳಿದರೆ ಏನಂತ ಹೇಳಲಿ? ನಿಮ್ಮ ಆಶೀರ್ವಾದ ಅವಳ ಮೇಲಿರಲಿ. ಹುಳಿಯಾರಿನ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ, ಕಾಲು ಊರಲು ಅವಸರ ಮಾಡುವುದು ಬೇಡ ಎನ್ನಿ. ಬಿಸಿಲಲ್ಲಿ ಅವರ ತೋಟ ಸುತ್ತಬೇಡಿ. ರಾತ್ರಿ ಹೊತ್ತು ಸ್ವೆಟರು ಹಾಕಿಕೊಳ್ಳಿ.

ನಿಮ್ಮ ಮಗಳಂಥ ಸೊಸೆ,
ಇಂಪನಾ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಹರಿದು ಮತ್ತೆ ತೆಗೆದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ರೆಕ್ಕೆಯನ್ನು ವಾಪಸು ಇಡಲು ಹೋದಾಗ ಒಂದು ಮಾತು ನೆನಪಾಯಿತು. ನಿನ್ನೆ ಸಂಜೆ ನಾನು ಮುದ್ದೆ ತೊಳಸುತ್ತಿದ್ದಾಗ ವರ್ಷೂ ಕುರ್ಚಿಯಲ್ಲಿ ಕೂತಲ್ಲಿಂದಲೇ ಏನೋ ಅಂದಿದ್ದಳು. “ಅಮ್ಮ, ಈ ರೆಕ್ಕೆ ತುದಿ ನೆಲ ನೋಡ್ತೈತೆ, ಆ ರೆಕ್ಕೇದು ನೋಡ್ತಿಲ್ಲ. ಗೆರೆ ಕೂಡಿಲ್ಲ ನೋಡು ಇಲ್ಲಿ.” ನಾನು ತಿರುಗಿಯೂ ನೋಡದೆ “ತಾತ ಮಾಡಿದ್ದು ಸೊಟ್ಟ ಇರುತ್ತಾ, ಸುಮ್ನೆ ಕೂತ್ಕೊ” ಎಂದು ಗದರಿದೆ. ಮಾವ, ಆಗ ಅವಳ ಬಲಗಣ್ಣಿಗೆ ಪಟ್ಟಿ ಇತ್ತು, ನೋಡಿದ್ದರೆ ಎಡಗಣ್ಣಿನಲ್ಲೇ ನೋಡಿರಬೇಕು. ಆ ರೆಕ್ಕೆಯ ಗೆರೆಗಳ ಮೇಲೆ ನೀವು ಸ್ಕೆಚ್ ಪೆನ್ನು ಎಳೆದಿಲ್ಲ, ಕೂದಲೆಳೆಯಷ್ಟು ಸಣ್ಣ ಪ್ರಿಂಟು. ಎರಡು ಕಣ್ಣೂ ಚೆನ್ನಾಗಿರುವ ನನಗೆ ಟಾರ್ಚು ಹಿಡಿದು ಮಂಡಿಯೂರುವವರೆಗೆ ಕಾಣಲಿಲ್ಲ.

ಪಟ್ಟಿ ಎತ್ತಿ ನೋಡಿದಳೋ ಎಂದರೆ, ಮಲಗಿಸುವ ಮುಂಚೆ ಬಿಡಿಸಿದವಳು ನಾನೇ, ಬೇರು ಕಾಂಡ ಸರಿಯಾಗಿ ಕೂಡಿತ್ತು. ಪಟ್ಟಿ ಹಾಕುವ ಮುಂಚೆ ನೋಡಿದಳೋ ಎಂದರೆ, ರೆಕ್ಕೆ ಅಟ್ಟದಿಂದ ಇಳಿದದ್ದೇ ಆಮೇಲೆ. ಉಳಿದದ್ದು ಒಂದೇ. ನೀವು ಹೊರಡುವ ದಿನ ಏಣಿ ಹತ್ತಿ ನೋಡಿದಾಗಲೇ ನಿಮಗೆ ತಿರುಚು ಗೊತ್ತಾಗಿ, ಸಂಜೆ ಫೋನಿನಲ್ಲಿ ಅವಳಿಗೆ ಹೇಳಿದ್ದಿರಾ? ‘ನಿಮ್ಮ ತಾತ ಹಸಿ ಕಡ್ಡಿ ಇಟ್ಟು ಕೆಡಿಸಿಬಿಟ್ಟ, ತುದಿ ಕೆಳಗೆ ನೋಡುತ್ತೆ’ ಅಂತ ನಗುತ್ತ ಹೇಳುವವರೇ ನೀವು. ನೀವು ಫೋನಿನಲ್ಲಿ ಹೇಳುವುದನ್ನೆಲ್ಲ ಅವಳು ಗುಟ್ಟು ಎಂದು ನನಗೆ ಹೇಳುವುದಿಲ್ಲ. ಎಬ್ಬಿಸಿ ಕೇಳೋಣವೆಂದರೆ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಾಳೆ, ಮನಸ್ಸಾಗಲಿಲ್ಲ. ನಿಮ್ಮ ಮಗನನ್ನೂ ಎಬ್ಬಿಸಿ ಹೇಳಲಿಲ್ಲ. ಆಸೆ ಹುಟ್ಟಿಸಿ ತುಮಕೂರಿನಲ್ಲಿ ಮತ್ತೆ “ಇರುವೆ” ಅಂದುಬಿಟ್ಟರೆ ಅವರು ತಡೆಯಲಾರರು.

ಓದಿದ ತಕ್ಷಣ ಫೋನ್ ಮಾಡಿ ಮಾವ, ಕತ್ತಲಿದ್ದರೂ ಸರಿ, ಅಲ್ಲಿ ಹುಳಿಯಾರಿನ ಅತ್ತೆ ಎಚ್ಚರವಾದರೂ ಸರಿ. ಹೇಳಿದ್ದರೆ ಹೇಳಿದ್ದೆ ಅನ್ನಿ, ನನ್ನ ಸಮಾಧಾನಕ್ಕೆ ಸುಳ್ಳು ಬೇಡ. ಹೇಳಿಲ್ಲದಿದ್ದರೆ ಹೇಳಿಲ್ಲ ಅನ್ನಿ, ಅಷ್ಟು ಸಾಕು, ಇಟ್ಟುಬಿಡಿ. ಡಾಕ್ಟರು ಏನು ಹೇಳಿದರೂ ಆಗ ನಾನು ಪಟ್ಟಿ ಬಿಡಿಸುವುದಿಲ್ಲ, ಮನೆಯವರೆಲ್ಲ ಒಂದು ಕಡೆಯಾದರೂ ಸರಿ. ಫೋನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತೇನೆ. ಸೆಲ್ಲು ಆಮೇಲೆ ಹಾಕಿಕೊಳ್ಳಿ. ನಾನು ಈ ಕಡೆ ಎಷ್ಟು ಜೋರಾಗಿ ಅತ್ತರೂ ನಿಮಗೆ ಕೇಳಿಸುವುದಿಲ್ಲ, ಅದಕ್ಕೇ ಯೋಚನೆ ಮಾಡದೆ ನಿಜ ಹೇಳಿ. ಬಸ್ಸು ಆರಕ್ಕೆ. ಬೆಳಕು ಹರಿಯುವ ಮುಂಚೆ ಮಾಡಿ, ಮಾವ.